ನೀರು ಕುಡಿಯಲು ಹೆದರಿದ ಬೇಸಿಗೆ

ಹೋದ ವಾರ ಮಗಳಿಗೆ ಜ್ವರ ಬಂದು ವಾಂತಿಯಾಗುತ್ತಿತ್ತು. ಮೆಡಿಕಲ್ ಅಂಗಡಿಯಿಂದ ಕಿತ್ತಳೆ ರುಚಿಯ ಓಆರ್‌ಎಸ್ ಪುಡಿ ತಂದು, ಪೊಟ್ಟಣ ಹರಿದು ಲೋಟಕ್ಕೆ ಸುರಿದೆ. ಆ ವಾಸನೆ ಮೂಗಿಗೆ ತಾಕಿದ ಕೂಡಲೇ ಚಮಚ ತಿರುವುತ್ತಿದ್ದ ಕೈ ನಿಂತುಹೋಯಿತು.

"ಯಾಕಮ್ಮ, ಮುಖ ಹಂಗ್ ಮಾಡ್ಕೊಂಡೆ?" ಎಂದು ಮಗಳು ಮಲಗಿದಲ್ಲಿಂದಲೇ ಕೇಳಿದಳು.

"ಏನಿಲ್ಲ, ಕುಡಿ," ಎಂದೆ.

ಏನಿಲ್ಲ ಎಂದದ್ದು ಸುಳ್ಳು. ಆ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಬಾಟಲಿ, ಬಾಗೇಪಲ್ಲಿ ರಸ್ತೆಯ ಡಾಂಬರು, ಮೋರಿಕಟ್ಟೆಯ ಮೇಲೆ ಬಗ್ಗಿ ಕೂತ ಒಬ್ಬ ಮುದುಕ, ಎಲ್ಲವೂ ಒಟ್ಟಿಗೇ ನುಗ್ಗಿ ಬರುತ್ತವೆ.

ಕೆಲವು ವರ್ಷಗಳ ಹಿಂದಿನ ಬೇಸಿಗೆ ಅದು. ನಾವಿರುವುದು ಅಟ್ಟೂರಿನಲ್ಲಿ, ನನ್ನ ಆಫೀಸು ಯಶವಂತಪುರದಲ್ಲಿ. ಲಾರಿ ಸಾಗಾಣಿಕೆಯ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಇಡೀ ದಿನ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ನನ್ನ ಗಂಡ ಗಿರೀಶ, "ವಾಕಿಂಗ್ ಹೋಗು ಅಂದ್ರೆ ಹೋಗಲ್ಲ, ಇದಾದ್ರೂ ತುಳಿ" ಎಂದು ಒಂದು ಸೈಕಲ್ ಕೊಡಿಸಿದ. ಮೊದಲು ಅಟ್ಟೂರು ಕೆರೆಯ ಸುತ್ತ ಹೊಡೆದೆ. ಆಮೇಲೆ ರಾಜಾನುಕುಂಟೆಗೆ ಹೋಗಿ ಬಂದೆ. ಒಂದು ಭಾನುವಾರ ದೊಡ್ಡಬಳ್ಳಾಪುರ ಮುಟ್ಟಿ ಬಂದಾಗ, ನಲವತ್ತು ದಾಟಿದ ಈ ದೇಹಕ್ಕೆ ಇಷ್ಟೆಲ್ಲ ಆಗುತ್ತದೆಯೇ ಎಂದು ನನಗೇ ಆಶ್ಚರ್ಯ. ದೂರ ಹೋಗುವುದರ ರುಚಿ ಹತ್ತಿತು.

ಯಲಹಂಕ ನ್ಯೂ ಟೌನಿನಲ್ಲಿ ಭಾನುವಾರ ಬೆಳಗಿನ ಜಾವ ಸೇರಿ ಹೊರಡುವ ಸೈಕಲ್ ಗುಂಪೊಂದಿತ್ತು. ಹದಿನೈದಿಪ್ಪತ್ತು ಜನ, ಹೆಚ್ಚಿನವರು ಆಫೀಸಿಗೆ ಹೋಗುವ ಗಂಡಸರು. ಆಗಾಗ ಒಬ್ಬಿಬ್ಬರು ಹೆಂಗಸರು ಬರುತ್ತಿದ್ದರು, ನಾಲ್ಕಾರು ವಾರದಲ್ಲಿ ಕಾಣೆಯಾಗುತ್ತಿದ್ದರು. ಯಾಕೆ ಬಿಟ್ಟರು ಎಂದು ನಾನು ಆಗ ಯೋಚಿಸಲಿಲ್ಲ. ಗುಂಪನ್ನು ಕಟ್ಟಿದವನು ಪ್ರಮೋದ್, ಮೂವತ್ತೈದರ ಆಸುಪಾಸಿನವನು, ಆರ್.ಟಿ. ನಗರದಲ್ಲಿ ಜಿಮ್ ಇಟ್ಟಿದ್ದ. ಎಲ್ಲರೂ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಆ ಬೇಸಿಗೆ ಮುಗಿಯುವುದರೊಳಗೆ ಬಾಗೇಪಲ್ಲಿ ದಾಟಿ, ಆಂಧ್ರದ ಗಡಿ ಮುಟ್ಟಿ, ಅದೇ ದಿನ ಹಿಂತಿರುಗಿ ಬರಬೇಕೆಂಬುದು ಅವನ ಯೋಜನೆ. ಒಟ್ಟು ಇನ್ನೂರು ಕಿಲೋಮೀಟರ್. ಆ "ಇನ್ನೂರು" ಎಂಬ ಶಬ್ದ ನನ್ನ ತಲೆಯೊಳಗೂ ಹೊಕ್ಕುಬಿಟ್ಟಿತು.

ಕ್ಯಾಪ್ಟನ್ನಿನ ಕಟ್ಟಳೆಗಳು ಸರಳವಾಗಿದ್ದವು. "ತಿನ್ನೋದು ಓಡಿಸ್ತಾ, ಕುಡಿಯೋದು ಓಡಿಸ್ತಾ. ನಿಂತ್ರೆ ಕಾಲು ತಣ್ಣಗಾಗತ್ತೆ, ಕಾಲು ತಣ್ಣಗಾದ್ರೆ ಮನಸ್ಸು ತಣ್ಣಗಾಗತ್ತೆ."

ತಿನ್ನುವುದನ್ನು ಬೇಗ ಕಲಿತೆ. ಹೊರಡುವ ಮುಂಚೆ ಇಡ್ಲಿ ತಿಂದರೆ ದೇವನಹಳ್ಳಿಯವರೆಗೂ ಅದು ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತದೆ. ಕಡಲೆ ಮಿಠಾಯಿ ಬಿಸಿಲೇರಿದ ಮೇಲೆ ಕರಗಿ ಜೇಬಿಗೆ ಅಂಟುತ್ತದೆ. ಚಪಾತಿಗೆ ಬೆಲ್ಲ, ತುಪ್ಪ ಸವರಿ ಸುರುಳಿ ಸುತ್ತಿ, ಸಣ್ಣ ತುಂಡು ಮಾಡಿ ಬೆನ್ನಿನ ಜೇಬಿನಲ್ಲಿಟ್ಟುಕೊಂಡರೆ ಒಂದೇ ಕೈಯಲ್ಲಿ ತಿನ್ನಬಹುದು. ಜೊತೆಗೆ ಖರ್ಜೂರ, ಬಾಳೆಹಣ್ಣು. ಇದರಲ್ಲೆಲ್ಲ ನಾನು ಬೇರೆಯವರಿಗಿಂತ ಚುರುಕಾಗಿಯೇ ಇದ್ದೆ.

ತೊಂದರೆಯಿದ್ದದ್ದು ನೀರಿನದು. ಕುಡಿಯುವುದಲ್ಲ, ಕುಡಿದದ್ದು ಹೊರಗೆ ಹೋಗುವುದು. ಗುಂಪಿನ ಗಂಡಸರಿಗೆ ರಸ್ತೆಯೆಲ್ಲ ಬಚ್ಚಲುಮನೆ. ಕ್ಯಾಪ್ಟನ್ ಒಂದು ಕೈ ಎತ್ತಿದರೆ ಎಲ್ಲರೂ ಸಾಲಾಗಿ ಬೆನ್ನು ತೋರಿಸಿ ನಿಂತು, ಎರಡು ನಿಮಿಷದಲ್ಲಿ ಮತ್ತೆ ಸೈಕಲ್ ಹತ್ತುತ್ತಿದ್ದರು. ನಾನು ಹೆಲ್ಮೆಟ್ಟಿನ ಪಟ್ಟಿ ಸರಿಮಾಡುವವಳಂತೆ ಇನ್ನೊಂದು ಕಡೆ ನೋಡುತ್ತ ನಿಲ್ಲುತ್ತಿದ್ದೆ. ಯಲಹಂಕ ದಾಟಿದರೆ ಮೊದಲೆಲ್ಲ ಹೊಲ, ಗಿಡ ಇದ್ದವಂತೆ. ಈಗ ದೇವನಹಳ್ಳಿಯವರೆಗೂ ಕಾಂಪೌಂಡು, ತಂತಿ ಬೇಲಿ, ನಿವೇಶನದ ಕಲ್ಲು. ಮರೆ ಎಂಬುದೇ ಇಲ್ಲ.

ಉಳಿದದ್ದು ಪೆಟ್ರೋಲ್ ಬಂಕ್. ಒಂದು ಭಾನುವಾರ ದೇವನಹಳ್ಳಿಯಾಚೆ ತಡೆಯಲಾಗದೆ ಗುಂಪು ಬಿಟ್ಟು ಒಂದು ಬಂಕಿಗೆ ನುಗ್ಗಿದೆ. ಹೆಂಗಸರ ಕಕ್ಕಸಿನ ಬಾಗಿಲಿಗೆ ಬೀಗ. ಗಾಜಿನ ಕೋಣೆಯಲ್ಲಿದ್ದ ಮ್ಯಾನೇಜರನ್ನು ಕೀ ಕೇಳಿದೆ.

"ಅದು ಸ್ಟಾಫಿಗೆ ಮೇಡಂ."

"ಹೊರಗಡೆ ಬೋರ್ಡಲ್ಲಿ ಎಲ್ಲರಿಗೂ ಅಂತ ಇದೆಯಲ್ಲ."

"ಎಲ್ಲರಿಗೂ ಅಂದ್ರೆ ಪೆಟ್ರೋಲ್ ಹಾಕಿಸೋರಿಗೆ. ಹಾಕಿಸ್ತೀರಾ?" ಎಂದು ನನ್ನ ಸೈಕಲ್ಲಿನ ಕಡೆ ನೋಡಿದ.

"ಎಲ್ಲಿಗೆ ಹಾಕಿಸ್ಲಿ, ನೀವೇ ತೋರಿಸಿ."

ಅವನು ನಕ್ಕು ಫೋನು ಎತ್ತಿಕೊಂಡ. ಪಂಪಿನ ಹತ್ತಿರ ನಿಂತಿದ್ದ ಇಬ್ಬರೂ ನಕ್ಕರು. ನಾನು ಇನ್ನೂ ಎಂಟು ಕಿಲೋಮೀಟರ್ ಹಾಗೇ ತುಳಿದೆ, ರಸ್ತೆಯ ಪ್ರತಿ ಉಬ್ಬಿಗೂ ಹಲ್ಲು ಕಚ್ಚುತ್ತ. ಒಂದು ಹೋಟೆಲ್ ಸಿಕ್ಕಿತು. ಬೇಡದ ದೋಸೆಯೊಂದನ್ನು ಹೇಳಿ ಒಳಗೆ ಹೋಗಿಬಂದೆ.

ಅವತ್ತಿನಿಂದ ನಾನು ಶನಿವಾರ ಸಂಜೆಯೇ ನೀರು ನಿಲ್ಲಿಸತೊಡಗಿದೆ. ಭಾನುವಾರ ಬೆಳಿಗ್ಗೆ ನಾಲಿಗೆ ಒದ್ದೆಯಾಗುವಷ್ಟು ಮಾತ್ರ ಕುಡಿಯುತ್ತಿದ್ದೆ. ಎರಡು ಬಾಟಲಿಗಳನ್ನೂ ತುಂಬಿಸಿಕೊಂಡು ಹೊರಟು, ಎರಡನ್ನೂ ತುಂಬಿದಂತೆಯೇ ವಾಪಸ್ಸು ತರುತ್ತಿದ್ದೆ. ಶಿವರಾತ್ರಿ ಕಳೆದು ಬಿಸಿಲು ಏರಿತು. ಗಿರೀಶ ಒಮ್ಮೆ ಬಾಟಲಿ ನೋಡಿ, "ನೀರು ಕುಡಿದೇ ಇಲ್ವಲ್ಲೇ" ಎಂದ. "ಬಾಯಾರಿಕೆನೇ ಆಗಲ್ಲ" ಎಂದೆ. ಮಾರ್ಚ್ ಕೊನೆಗೆ ಚಳಿಜ್ವರ ಬಂತು. ಮೂತ್ರದಲ್ಲಿ ಉರಿ, ರಕ್ತ, ಬೆನ್ನಿನ ಕೆಳಗೆ ಚುಚ್ಚಿ ಹಿಡಿದಂತೆ ನೋವು. ಯಲಹಂಕ ಹಳೇ ಊರಿನಲ್ಲಿ ನಾವು ತೋರಿಸುವ ಲೇಡಿ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು.

"ಇನ್ನೆರಡು ವಾರ ಹೀಗೇ ಮಾಡಿದ್ದಿದ್ರೆ ಸೋಂಕು ಕಿಡ್ನಿಗೂ ಹತ್ತಿಬಿಡ್ತಿತ್ತು. ಯಾರ ಮೇಲೆ ಸೇಡು ತೀರಿಸ್ಕೋತಿದ್ದೀರಿ?" ಎಂದರು. "ಸೈಕಲ್ ಓಡಿಸಿ, ಬೇಡ ಅನ್ನಲ್ಲ. ಆದ್ರೆ ಕುಡೀರಿ, ಬಂದಾಗ ಹೋಗಿ. ತಡ್ಕೋಬೇಡಿ."

ಎರಡು ವಾರ ಬಿಟ್ಟು ಮತ್ತೆ ಗುಂಪಿಗೆ ಹೋದಾಗ ನಾನು ಕ್ಯಾಪ್ಟನ್ನಿಗೆ ನೇರವಾಗಿ ಹೇಳಿದೆ. ನನಗೆ ಗಂಟೆಗೊಂದು ಸಲ ನಿಲ್ಲಬೇಕು, ಬಾಗಿಲಿರುವ ಕಡೆ ನಿಲ್ಲಬೇಕು.

ಪ್ರಮೋದ್ ಎಲ್ಲರೆದುರೇ ಹೇಳಿದ: "ಮೇಡಂ, ನಿಮ್ಮೊಬ್ಬರಿಗೋಸ್ಕರ ಹದಿನೈದು ಜನ ನಿಲ್ಲೋಕಾಗಲ್ಲ. ಅಂಕಲ್‌ನ ನೋಡಿ ಕಲೀರಿ. ಅರವತ್ತು ದಾಟಿದೆ, ಒಂದ್ಸಲನಾದ್ರೂ ನಿಲ್ಸಿ ಅಂದಿದ್ದಾರಾ?"

ಅಂಕಲ್ ಎಂದರೆ ಮುನಿಶಾಮಪ್ಪ. ಶೆಟ್ಟಿಹಳ್ಳಿ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲಿಯೇ ಇರುವ ಮನೆತನದವರು. ಹರೆಯದಲ್ಲಿ ಜಾಲಹಳ್ಳಿಯ ಕ್ವಾರ್ಟರ್ಸುಗಳಿಗೆಲ್ಲ ಸೈಕಲ್ಲಿನ ಮೇಲೆ ಹಾಲು ಹಾಕಿದವರು. ಹೊಲ ಲೇಔಟ್ ಆದ ಮೇಲೆ ಮನೆ ಕಟ್ಟಿ ಬಾಡಿಗೆ ಬಿಟ್ಟು, ಮಗ ಕೊಡಿಸಿದ ಹೊಸ ಸೈಕಲ್ಲಿನಲ್ಲಿ ಹುಡುಗರ ಸಮಕ್ಕೆ ತುಳಿಯುತ್ತಿದ್ದರು. ಗುಂಪಿನ ಫೋಟೋಗಳಲ್ಲೆಲ್ಲ ಅವರೇ ನಡುವೆ. ಕ್ಯಾಪ್ಟನ್ ಮಾತಿಗೆ ಅವತ್ತು ಅವರು ಮೀಸೆಯಡಿಯಲ್ಲಿ ನಕ್ಕರು.

ಆದರೆ ಅವರ ಗುಟ್ಟು ನನಗೆ ಗೊತ್ತಾಗಿತ್ತು. ನಿಲ್ಲುವ ಜಾಗ ಹುಡುಕುತ್ತಲೇ ತಿರುಗುವವಳಿಗೆ ಇನ್ನೊಬ್ಬರ ಹುಡುಕಾಟ ಕಾಣದಿರುತ್ತದೆಯೇ? ಅಂಕಲ್ಲಿನ ಚೈನು ಪದೇ ಪದೇ ಜಾರುತ್ತಿತ್ತು, ಅದೂ ನಿಂತ ಲಾರಿಯ ಪಕ್ಕದಲ್ಲೇ. ಮನೆಯಿಂದ ಫೋನು ಬಂತೆಂದು ಗೋಡೆಯ ಮರೆಗೆ ಹೋಗುತ್ತಿದ್ದರು. ಹೋದರೆ ಬಹಳ ಹೊತ್ತು ಬರುತ್ತಿರಲಿಲ್ಲ. ಒಮ್ಮೆ ಹಾಗೆ ಹಿಂತಿರುಗಿ ಬಂದಾಗ ಮೆಲ್ಲಗೆ, "ನಿಮಗೂ ಕಷ್ಟ ಇದ್ದಂಗಿದೆ. ಇಬ್ಬರೂ ಸೇರಿ ಕೇಳಿದ್ರೆ ಅವನು ಇಲ್ಲ ಅನ್ನಲ್ಲ" ಎಂದೆ.

ಅವರ ಮುಖ ಕಪ್ಪಿಟ್ಟಿತು. "ನಿನ್ ಕೆಲ್ಸ ನೀನ್ ನೋಡ್ಕೊಳಮ್ಮ. ಎಂಗಸ್ರಿಗೆ ಯಾಕೆ ಬೇಕಾಗಿತ್ತು ಇದೆಲ್ಲ? ಮನೇಲಿರಕ್ಕಾಗಲ್ಲ, ಬಂದ್ಮೇಲೆ ಸುಮ್ಕಿರಕ್ಕಾಗಲ್ಲ" ಎಂದು ಸೈಕಲ್ ಹತ್ತಿ ಹೋದರು. ಅವತ್ತಿನಿಂದ ನನ್ನೊಡನೆ ಮಾತು ಬಿಟ್ಟರು. ಗುಂಪಿನಲ್ಲಿ ಯಾರಾದರೂ ನನ್ನನ್ನು "ಬಂಕ್ ಮೇಡಂ" ಎಂದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ.

ಏಪ್ರಿಲ್ ಕೊನೆಗೆ ಇನ್ನೂರರ ದಿನ ಬಂತು. ಇನ್ನೂ ಕತ್ತಲಿರುವಾಗಲೇ ಹೊರಟೆವು. ಊಟ, ಬಾಳೆಹಣ್ಣು, ನೀರಿನ ಕ್ಯಾನುಗಳನ್ನು ಹೊತ್ತ ವ್ಯಾನೊಂದು ನಮ್ಮ ಹಿಂದೆ ಬರುತ್ತಿತ್ತು. ಬಾಷಾ ಎಂಬುವವರು ಅದರ ಡ್ರೈವರ್. ಬಿಸಿಲಿಗೆ ಮುಂಚೆ ದೂರ ಕಳೆಯಬೇಕೆಂದು ಕ್ಯಾಪ್ಟನ್ ಪೇರೇಸಂದ್ರದವರೆಗೆ ನಿಲ್ಲುವಂತಿಲ್ಲ ಎಂದ. ನಾನು ಒಪ್ಪಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ ನಿಲ್ದಾಣದ ಹತ್ತಿರ ಒಬ್ಬಳೇ ನಿಂತು, ಹೋಗಿಬಂದು, ಒಂದಿಡೀ ಬಾಟಲಿ ಕುಡಿದು, ಹಿಂದಿನಿಂದ ತುಳಿಯುತ್ತ ಬಂದೆ. ಅಂಕಲ್ ಮುಂದಿನವರ ಜೊತೆಯಲ್ಲೇ ಇದ್ದರು. ಎರಡು ದಿನದಿಂದ ಅವರಿಗೆ ನೆಗಡಿಯಿತ್ತು. ಹೊರಡುವಾಗ ಶೀತದ ಮಾತ್ರೆ ನುಂಗಿದ್ದನ್ನು ನಾನು ನೋಡಿದ್ದೆ.

ಪೇರೇಸಂದ್ರ ದಾಟಿ ಸ್ವಲ್ಪ ದೂರದಲ್ಲಿ ಅವರ ಸೈಕಲ್ ರಸ್ತೆಯ ಬದಿಗೆ ಬಿದ್ದಿತ್ತು. ಅವರು ಬೇಲಿಯ ಕಡೆ ಮುಖ ಮಾಡಿ ನಿಂತಿದ್ದರು. ನಾನು ದೂರದಲ್ಲೇ ಇಳಿದು ಕಾದೆ. ಅವರು ಬಂದು ಮೋರಿಕಟ್ಟೆಯ ಮೇಲೆ ಕೂತರು, ಮತ್ತೆ ಎದ್ದು ಹೋಗಿ ನಿಂತರು, ಮತ್ತೆ ಬಂದು ಕೂತರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೆವರು ಹನಿಹನಿಯಾಗಿ ಗದ್ದದಿಂದ ಇಳಿಯುತ್ತಿತ್ತು.

"ಏನಾಯ್ತು?" ಎಂದೆ.

"ಏನಿಲ್ಲ. ಓಗಮ್ಮ ನೀನು."

"ಹೊಟ್ಟೆ ನೋವಾ?"

"ಓಗು ಅಂದ್ನಲ್ಲ."

ಅಷ್ಟರಲ್ಲಿ ವ್ಯಾನು ಬಂತು. ಅಂಕಲ್ ಕಾಣುತ್ತಿಲ್ಲವೆಂದು ಪ್ರಮೋದನೂ ಮುಂದಿನಿಂದ ಹಿಂತಿರುಗಿ ಬಂದ. ಒಮ್ಮೆ ನೋಡಿದವನೇ, "ನೀರು ಕಮ್ಮಿ ಆಗಿದೆ, ಅಷ್ಟೇ. ಗ್ಯಾಸೂ ಇರ್ಬಹುದು. ಕುಡೀರಿ ಅಂಕಲ್" ಎಂದು ಕಿತ್ತಳೆ ಬಣ್ಣದ ನೀರಿನ ಬಾಟಲಿಯನ್ನು ಅವರ ಬಾಯಿಗೇ ಹಿಡಿದ. ಅವರು ಪೂರ್ತಿ ಕುಡಿದರು. ಇನ್ನೊಂದು ಕೊಟ್ಟ. ಅದನ್ನೂ ಕುಡಿದರು. ಹಸಿ ಕಿತ್ತಳೆ ವಾಸನೆ ಆ ಬಿಸಿಗಾಳಿಯಲ್ಲಿ ಹರಡಿ ನಿಂತಿತು. "ಹತ್ತು ನಿಮಿಷದಲ್ಲಿ ಕುದುರೆ ಥರ ಆಗ್ತೀರಾ" ಎಂದು ಬೆನ್ನು ತಟ್ಟಿ ಪ್ರಮೋದ್ ಫೋನು ಹಿಡಿದು ಆಚೆ ಹೋದ.

ಅಂಕಲ್ ಕುದುರೆಯಾಗಲಿಲ್ಲ. ಎರಡು ಕೈಯನ್ನೂ ಹೊಕ್ಕುಳಿನ ಕೆಳಗೆ ಒತ್ತಿ ಹಿಡಿದು ಮುಂದಕ್ಕೆ ಬಾಗಿದರು. ಗಂಟಲಿನಿಂದ ಒಂದು ದನಿ ಬಂತು. ಗ್ಯಾಸು ಹಿಡಿದವರು ಹಿಡಿದುಕೊಳ್ಳುವ ಜಾಗ ಅದಲ್ಲ. ಹಿಂದಿನ ತಿಂಗಳಷ್ಟೇ ನಾನು ನನ್ನದೇ ಹೊಟ್ಟೆಯನ್ನು ಅಲ್ಲಿಯೇ ಹಿಡಿದುಕೊಂಡು ಮಲಗಿದ್ದೆ. ತಡಮಾಡದೆ ನನ್ನ ಡಾಕ್ಟರಿಗೆ ಫೋನು ಮಾಡಿದೆ. ಬೆಳಗಿನಿಂದ ಮೂತ್ರ ಹೋಗಿದೆಯಾ ಕೇಳಿ ಎಂದರು ಅವರು.

ಅಂಕಲ್ಲನ್ನು ಕೇಳಿದೆ. ಎರಡನೇ ಸಲ ಕೇಳಿದೆ. ಮೂರನೇ ಸಲ ಕೇಳಿದಾಗ ನೆಲ ನೋಡುತ್ತ, "ಬರ್ತಾ ಇಲ್ಲ" ಎಂದರು.

"ಇನ್ನೊಂದು ತೊಟ್ಟು ನೀರೂ ಕೊಡ್ಬೇಡಿ," ಎಂದರು ಫೋನಿನಲ್ಲಿ ಡಾಕ್ಟರು. "ಕಟ್ಕೊಂಡಿದೆ. ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೆ, ಈಗಲೇ."

ಫೋನು ಇಟ್ಟಾಗ ಅಂಕಲ್ ನನ್ನ ಮಣಿಕಟ್ಟು ಹಿಡಿದರು. ಅವರ ಕೈ ಮಂಜಿನಂತೆ ತಣ್ಣಗಿತ್ತು. "ಅವ್ನಿಗೆ ಏಳ್ಬೇಡ ಕಣಮ್ಮ," ಎಂದರು. ಅವರು ಬೇಡಿಕೊಳ್ಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಹೀಗಾಗಿ ಕಾರಣ ಹೇಳದೆಯೇ ನಾನು ಪ್ರಮೋದನ ಹತ್ತಿರ ವ್ಯಾನು ಕೇಳಬೇಕಾಯಿತು.

"ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಚಿಕ್ಕಬಳ್ಳಾಪುರಕ್ಕೆ."

"ಗ್ಯಾಸ್‌ಗೆ ಆಸ್ಪತ್ರೆನಾ? ಮುಂದೆ ಹದಿನಾಲ್ಕು ಜನ ಹೋಗಿದ್ದಾರೆ ಮೇಡಂ. ಅವರ ನೀರು, ಊಟ ಎಲ್ಲ ಈ ಗಾಡೀಲಿದೆ. ಬೇಕಿದ್ರೆ ಆಂಬುಲೆನ್ಸ್ ಕರೀರಿ."

"ಅದು ಬರೋ ಹೊತ್ತಿಗೆ ನಾವು ತಲುಪಿರ್ತೀವಿ. ನೀರಿನ ಕ್ಯಾನ್ ಇಲ್ಲೇ ಇಳಿಸ್ಕೊಳ್ಳಿ."

"ಇಳಿಸ್ಕೊಂಡು? ತಲೆ ಮೇಲೆ ಹೊತ್ಕೊಂಡು ಹೋಗ್ಲಾ ನಾನು?" ಅವನ ದನಿ ಏರಿತು. "ನಿಮಗೆ ಮುಗಿಸೋಕಾಗಲ್ಲ ಅಂತ ಗೊತ್ತಿತ್ತು. ಅದಕ್ಕೆ ಅವರನ್ನ ನೆಪ ಮಾಡ್ಕೋತಿದ್ದೀರ. ಬಾಷಾ, ಗಾಡಿ ತೆಗಿ. ಮುಂದಕ್ಕೆ ಹೋಗು."

ನನಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ. ನನ್ನ ಸೈಕಲನ್ನು ಎತ್ತಿ ತಂದು ವ್ಯಾನಿನ ಚಕ್ರಕ್ಕೆ ಅಡ್ಡ ಮಲಗಿಸಿದೆ. ಪಕ್ಕದಲ್ಲಿ ನಿಂತುಕೊಂಡೆ. "ಹತ್ತಿಸಿಕೊಂಡು ಹೋಗಿ," ಎಂದೆ.

ಬಾಷಾ ಎಂಜಿನ್ ಆರಿಸಿ ಇಳಿದರು. ಅಂಕಲ್ಲಿನ ಮುಖವನ್ನೊಮ್ಮೆ, ಪ್ರಮೋದನ ಮುಖವನ್ನೊಮ್ಮೆ ನೋಡಿದರು. "ಸಾರ್, ನಮ್ಮ ಅಬ್ಬಾ ವಯಸ್ಸಿನೋರು ಸಾರ್. ಬಿಟ್ಟು ಬಂದ್ಬಿಡ್ತೀನಿ, ಬೈದ್ರೆ ಆಮೇಲೆ ಬೈಸ್ಕೋತೀನಿ" ಎಂದು ಅಂಕಲ್ಲಿನ ತೋಳಿಗೆ ಕೈ ಹಾಕಿ ಎಬ್ಬಿಸಿದರು. ನಾನು ಒಂದೆರಡು ಕ್ಯಾನು ಕೆಳಗಿಳಿಸಿ, ಜಾಗ ಮಾಡಿ, ಎರಡೂ ಸೈಕಲ್ಲುಗಳನ್ನು ವ್ಯಾನಿಗೆ ಹಾಕಿದೆ. ಪ್ರಮೋದ್ ಇಳಿಸಿದ ಒಂದು ಕ್ಯಾನನ್ನು ಒದ್ದ. ಅದು ಉರುಳಿ ಮೋರಿಗೆ ಬಿತ್ತು.

ಚಿಕ್ಕಬಳ್ಳಾಪುರದವರೆಗೆ ಅಂಕಲ್ ಸೀಟಿನ ಮೇಲೆ ಮಂಡಿಯೂರಿ, ಸೀಟಿನ ಬೆನ್ನನ್ನು ತಬ್ಬಿಕೊಂಡು ಬಂದರು. ಪ್ರತಿ ಗುಂಡಿಗೂ ಅವರ ಬಾಯಿಂದ ದೇವರ ಹೆಸರು ಬರುತ್ತಿತ್ತು, ನಡುನಡುವೆ ನನಗೆ ಬೈಗುಳ. ಆಸ್ಪತ್ರೆಯಲ್ಲಿ ಪರದೆ ಎಳೆದು, ಮೂತ್ರ ಹೊರಬರಲು ನಳಿಗೆ ಹಾಕಿದರು. ಪರದೆಯಾಚೆ ನಿಂತಿದ್ದ ನನಗೆ ಮೊದಲು ಅವರ ಚೀರಾಟ ಕೇಳಿಸಿತು, ಆಮೇಲೆ ಉದ್ದದ ಒಂದು ನಿಟ್ಟುಸಿರು, ಆಮೇಲೆ ಅಳು.

"ಎಷ್ಟೊತ್ತಿಂದ ತಡ್ಕೊಂಡಿದ್ರಿ ಅಜ್ಜ?" ಎಂದು ನರ್ಸ್ ಕೇಳುತ್ತಿದ್ದಳು.

ಪ್ರಾಸ್ಟೇಟ್ ಮೊದಲೇ ದೊಡ್ಡದಾಗಿದೆ, ತಡೆದುಕೊಂಡದ್ದರ ಮೇಲೆ ಶೀತದ ಮಾತ್ರೆ ಬೇರೆ ಸೇರಿದೆ, ಮೇಲಿಂದ ಅಷ್ಟೊಂದು ನೀರು ಕುಡಿಸಿದ್ದಾರೆ ಎಂದು ಅಲ್ಲಿನ ಡಾಕ್ಟರು ಹೇಳಿದರು. ನಳಿಗೆ ಕೆಲವು ದಿನ ಇರಬೇಕು, ಆಮೇಲೆ ಬಹುಶಃ ಆಪರೇಷನ್ ಆಗಬೇಕು.

ಬಾಷಾ ಆಗಲೇ ಸೈಕಲ್ಲುಗಳನ್ನು ಆಸ್ಪತ್ರೆಯಲ್ಲಿ ಇಳಿಸಿ ವ್ಯಾನನ್ನು ಬಾಗೇಪಲ್ಲಿಯ ಕಡೆ ಓಡಿಸಿದ್ದರು. ಅಂಕಲ್ಲಿನ ಮಗ ಶೆಟ್ಟಿಹಳ್ಳಿಯಿಂದ ಬರುವವರೆಗೆ ನಾನು ಮಂಚದ ಪಕ್ಕ ಕೂತಿದ್ದೆ.

"ಯಾರ್ಗೂ ಏಳ್ಬೇಡ," ಎಂದರು ಗೋಡೆಯ ಕಡೆ ಮುಖ ತಿರುಗಿಸಿ.

"ಇದರಲ್ಲಿ ನಾಚಿಕೆ ಪಡೋದು ಏನಿದೆ?"

"ನಿಂಗೇನ್ ಗೊತ್ತು. ಅಲ್ಲಿ ನಂಗೊಂದ್ ಮರ್ಯಾದೆ ಐತೆ. ಏಳಲ್ಲ ಅನ್ನು."

ಹೇಳುವುದಿಲ್ಲ ಎಂದೆ. ಮಗ ಬಂದ ಮೇಲೆ ಸೈಕಲ್ ಹತ್ತಿ, ಬೆಂಕಿಯಂಥ ಬಿಸಿಲಿನಲ್ಲಿ ಒಬ್ಬಳೇ ಅಟ್ಟೂರಿಗೆ ತುಳಿದೆ. ದಾರಿಯಲ್ಲಿ ಎರಡು ಎಳನೀರು ಕುಡಿದೆ, ನಿಲ್ಲಬೇಕೆನಿಸಿದಾಗೆಲ್ಲ ನಿಂತೆ. ಒಂದು ಹೋಟೆಲಿನಲ್ಲಿ ಕಕ್ಕಸು ಇಲ್ಲ ಎಂದಾಗ ಅವರ ಅಡುಗೆಮನೆಯ ಹಿಂದೆ ಇರುವುದನ್ನು ಬೆರಳು ತೋರಿಸಿ, ಅವರು ಹೂಂ ಎನ್ನುವುದಕ್ಕೆ ಮೊದಲೇ ಹೋಗಿಬಂದೆ.

ಮನೆಗೆ ಬಂದು ಫೋನು ನೋಡಿದರೆ ಗುಂಪಿನ ತುಂಬ ನನ್ನದೇ ಮಾತು. ವ್ಯಾನು ತಲುಪುವುದು ತಡವಾಗಿ, ಗಡಿಯ ಹತ್ತಿರ ನೆರಳಿಲ್ಲದ ಕಡೆ ಎಲ್ಲರೂ ನೀರಿಲ್ಲದೆ ಕಾದಿದ್ದರು. ಅರ್ಧಕ್ಕರ್ಧ ಜನ ಅಲ್ಲಿಂದಲೇ ಬಸ್ಸು, ಲಾರಿ ಹಿಡಿದು ಹಿಂತಿರುಗಿದ್ದರು. ಒಬ್ಬ ತಲೆ ಸುತ್ತಿ ಬಿದ್ದು ಮೊಣಕೈ ಒಡೆದುಕೊಂಡಿದ್ದ. ಅವರ ಕಷ್ಟ ಸುಳ್ಳಲ್ಲ. ಆದರೆ ಪ್ರಮೋದ್ ಬರೆದದ್ದು ಹೀಗೆ: ಗ್ಯಾಸ್ ಆಗಿದ್ದ ಅಂಕಲ್ಲನ್ನು ನೆಪ ಮಾಡಿಕೊಂಡು, ಮುಗಿಸಲಾರದ ಮೇಡಂ ಒಬ್ಬರು ಎಲ್ಲರ ನೀರಿನ ಗಾಡಿಯನ್ನು ಕಿತ್ತುಕೊಂಡು ಹೋದರು.

ನಾನು ಏನನ್ನೂ ಬರೆಯಲಿಲ್ಲ. ಅಂಕಲ್ ಬರೆಯುತ್ತಾರೆಂದು ಕಾದೆ. ಒಂದೇ ಒಂದು ಸಾಲು ಸಾಕಾಗಿತ್ತು. ನಿಜವಾಗಲೂ ಆಸ್ಪತ್ರೆಗೆ ಹೋಗಬೇಕಿತ್ತು ಎಂದಷ್ಟು. ಸೋಮವಾರ ಹೋಯಿತು, ಬುಧವಾರ ಹೋಯಿತು. ಗಿರೀಶ, "ನೀನೇ ಹೇಳ್ಬಿಡು" ಎಂದ. ಮಾತು ಕೊಟ್ಟಿದ್ದೇನೆ ಎಂದೆ. "ಅವರಿಗಿಲ್ಲದ ಮರ್ಯಾದೆ ನಿನಗ್ಯಾಕೆ" ಎಂದು ಗೊಣಗಿಕೊಂಡ.

ಮುಂದಿನ ಭಾನುವಾರ ಸೈಕಲ್ ಸವಾರಿ ಇರಲಿಲ್ಲ. ನ್ಯೂ ಟೌನಿನ ದರ್ಶಿನಿಯೊಂದರ ಮುಂದೆ ಎಲ್ಲರೂ ಸೇರಿದ್ದರು. ನಾನೂ ಹೋದೆ. ಹೋಗಬಾರದೆಂದು ಅನಿಸಿದ್ದಕ್ಕೇ ಹೋದೆ. ಅಂಕಲ್ ಬಂದಿದ್ದರು, ಯಾವತ್ತೂ ಹಾಕದಷ್ಟು ದೊಗಳೆಯಾದ ಪ್ಯಾಂಟು ಹಾಕಿಕೊಂಡು. ಒಂದು ಕಾಲನ್ನು ತುಸು ಅಗಲವಿಟ್ಟು ನಿಂತಿದ್ದರು. ತೊಡೆಯ ಹತ್ತಿರ ಬಟ್ಟೆ ಉಬ್ಬಿದ್ದು ಗೊತ್ತಿದ್ದವರಿಗೆ ಮಾತ್ರ ಕಾಣುವಂತಿತ್ತು. ನಳಿಗೆಯ ಚೀಲವನ್ನು ಕಟ್ಟಿಕೊಂಡೇ ಬಂದಿದ್ದರು.

ಮೊಣಕೈಗೆ ಬ್ಯಾಂಡೇಜ್ ಹಾಕಿಕೊಂಡವನು ನನ್ನ ಕಡೆ ನೋಡಲಿಲ್ಲ. ಪ್ರಮೋದ್ ಕಾಫಿ ಲೋಟ ಕೆಳಗಿಟ್ಟು, "ಇಲ್ಲೇ ಇತ್ಯರ್ಥ ಆಗ್ಲಿ. ಶೈಲಾ ಮೇಡಂ, ಅವತ್ತು ಗಾಡಿ ಯಾಕೆ ತಗೊಂಡು ಹೋದ್ರಿ?" ಎಂದ.

"ಅಂಕಲ್ ಇಲ್ಲೇ ಇದ್ದಾರೆ. ಅವರನ್ನೇ ಕೇಳಿ," ಎಂದೆ.

ಎಲ್ಲರೂ ಅವರ ಕಡೆ ತಿರುಗಿದರು. ಅವರು ತಟ್ಟೆಯಲ್ಲಿದ್ದ ವಡೆಯನ್ನು ಚಮಚದಿಂದ ಮುರಿದರು. ಮುರಿದದ್ದನ್ನು ಮತ್ತೆ ಮುರಿದರು.

"ಗ್ಯಾಸೇ ಆಗಿತ್ತು," ಎಂದರು. "ಈಯಮ್ಮ ಎದ್ರುಕೊಂಡು ಆಸ್ಪತ್ರೆಗೆ ಎಳ್ಕೊಂಡು ಓದ್ಲು. ಬ್ಯಾಡ ಅಂದೆ, ಕೇಳ್ಲಿಲ್ಲ."

ನನ್ನ ಕಿವಿ ಬಿಸಿಯಾಯಿತು. ಅವರ ತೊಡೆಯ ಮೇಲಿನ ಉಬ್ಬನ್ನು ಬೆರಳು ತೋರಿಸಿದರೆ ಸಾಕಿತ್ತು. ಒಂದು ಮಾತು, ಒಂದು ಬೆರಳು. ಬಾಯಿಯವರೆಗೆ ಬಂತು. ಆಗ ಅವರು ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಹೆದರಿಕೆ ಮಾತ್ರ ಇತ್ತು. ಕ್ಷಮೆ ಕೇಳುವಂಥದ್ದೇನೂ ಇರಲಿಲ್ಲ. ಮಾತು ಕೊಟ್ಟದ್ದಕ್ಕಾಗಿ ಸುಮ್ಮನಾದೆನೋ, ಅಂಥ ಹೆದರಿಕೆಯನ್ನು ಹದಿನೈದು ಜನರೆದುರು ಬಿಚ್ಚಿಡಲು ಅಸಹ್ಯವಾಗಿ ಸುಮ್ಮನಾದೆನೋ, ಈಗಲೂ ಹೇಳಲಾರೆ.

"ಸರಿ," ಎಂದು ಹೆಲ್ಮೆಟ್ ಎತ್ತಿಕೊಂಡೆ. ಪ್ರಮೋದನಿಗೆ ಮಾತ್ರ ಒಂದು ಮಾತು ಹೇಳಿದೆ: "ನಿಮಗೆ ಗೊತ್ತಿಲ್ಲದೆ ಇದ್ದಾಗ ಯಾರ ಬಾಯಿಗೂ ಬಾಟ್ಲು ಹಿಡೀಬೇಡಿ."

"ಹೋಗಿ ಮೇಡಂ, ಬಂಕ್ ಹುಡುಕ್ಕೊಳ್ಳಿ," ಎಂದು ಹಿಂದಿನಿಂದ ಯಾರೋ ಹೇಳಿದರು. ನಕ್ಕದ್ದೂ ಕೇಳಿಸಿತು. ನಾನು ಮನೆ ಮುಟ್ಟುವುದರೊಳಗೆ ಫೋನಿನ ಗುಂಪಿನಿಂದ ನನ್ನನ್ನು ತೆಗೆದುಹಾಕಿದ್ದರು.

ಮೇ ತಿಂಗಳೆಲ್ಲ ಒಬ್ಬಳೇ ತುಳಿದೆ. ಸಿಟ್ಟಿನಲ್ಲಿ ತುಳಿಯುವುದೂ ಒಂದು ಬಗೆಯ ಶಕ್ತಿಯೇ, ಆದರೆ ಅದು ಬೇಗ ಸುಸ್ತು ಮಾಡುತ್ತದೆ. ಮನಸ್ಸಿನೊಳಗೆ ಪ್ರಮೋದನ ಜೊತೆ ಜಗಳ ಆಡುತ್ತ ಎಷ್ಟೋ ಸಲ ತಿರುವು ತಪ್ಪಿ ಮುಂದೆ ಹೋಗಿದ್ದೇನೆ. ಅಂಕಲ್ಲಿನ ಜೊತೆ ಆಡಿದ ಜಗಳಗಳು ಇನ್ನೂ ಹೆಚ್ಚು. ಇನ್ನೂರನ್ನು ನಾನು ಇವತ್ತಿಗೂ ಮುಗಿಸಿಲ್ಲ. ನೂರು, ನೂರಿಪ್ಪತ್ತು ಹೋಗಿಬರುತ್ತೇನೆ, ಬಾಟಲಿ ಖಾಲಿ ಮಾಡಿಕೊಂಡು ಬರುತ್ತೇನೆ.

ಜೂನ್ ಮೊದಲಿಗೆ ಮಳೆ ಹಿಡಿಯಿತು. ಒಂದು ಶನಿವಾರ ಮಧ್ಯಾಹ್ನ ಗೇಟಿನ ಹತ್ತಿರ ಯಾರೋ ನಿಂತಂತಾಯಿತು. ಕೊಡೆ ಹಿಡಿದು ಮುನಿಶಾಮಪ್ಪ ನಿಂತಿದ್ದರು. ಮಗ ಗಾಡಿಯಲ್ಲಿ ತಂದು ಇಳಿಸಿ ಎಲ್ಲಿಗೋ ಹೋಗಿದ್ದನಂತೆ. ತೂಕ ಇಳಿದು ಕುತ್ತಿಗೆಯ ಚರ್ಮ ಜೋತಿತ್ತು. ಕೈಯಲ್ಲಿ ಮಾವಿನಹಣ್ಣಿನ ಚೀಲ.

ನಾನು ಗೇಟಿನ ಈಚೆಯೇ ನಿಂತೆ. ಚಿಲಕ ತೆಗೆಯಲಿಲ್ಲ.

"ಆಪ್ರೇಸನ್ ಆಯ್ತು," ಎಂದರು.

"ಒಳ್ಳೇದಾಯ್ತು."

"ಸೈಕಲ್ ಓಡಿಸ್ತಾ ಇದ್ದೀರಾ?"

"ಓಡಿಸ್ತಿದ್ದೀನಿ."

ಮಳೆ ಕೊಡೆಯ ಮೇಲೆ ಸುರಿಯುತ್ತಿತ್ತು. ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ನಾನ್ ಏಳ್ದೆ, ಆ ಪ್ರಮೋದಂಗೆ. ನಿನ್ನೆ. ಆಸ್ಪತ್ರೆಗೆ ಓಗ್ದಿದ್ರೆ ಸತ್ತೋಗ್ತಿದ್ದೆ ಅಂತ."

"ಎಲ್ಲರೆದುರು ಹೇಳಿದ್ರಾ, ಅವನೊಬ್ಬನಿಗೆ ಹೇಳಿದ್ರಾ?"

ಅವರು ಕೊಡೆಯ ಹಿಡಿಯನ್ನು ತಿರುಗಿಸುತ್ತ ನೆಲ ನೋಡಿದರು. ಅದೇ ಉತ್ತರವಾಯಿತು. "ಎಲ್ಲರೆದುರು ಸುಳ್ಳು ಹೇಳಿ ನನ್ನನ್ನ ಹೊರಗೆ ಕಳಿಸಿದ್ರಿ," ಎಂದೆ. "ಅವನೊಬ್ಬನ ಕಿವೀಲಿ ಹೇಳಿ ಬಂದಿದ್ದೀರಿ."

ನಾನು ಒಳಗೆ ತಿರುಗಬೇಕೆಂದಿದ್ದೆ. ಅಷ್ಟರಲ್ಲಿ ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕಿದರು. ಮತ್ತೊಮ್ಮೆ ಹಾಕಿದರು. ಕಣ್ಣು ನನ್ನ ಹೆಗಲಾಚೆ ಮನೆಯ ಬಾಗಿಲನ್ನು ನೋಡಿ, ರಸ್ತೆಯ ಕಡೆ ನೋಡಿ, ಮತ್ತೆ ಬಾಗಿಲಿಗೆ ಬಂತು. ನನ್ನ ಮನೆಯೆದುರು ಆಚೆ ಈಚೆ ಎಲ್ಲ ಕಾಂಪೌಂಡು.

"ಆಪ್ರೇಸನ್ ಆದ್ಮೇಲೆ ತಡ್ಯಕ್ಕಾಗಲ್ಲ," ಎಂದರು ತೀರಾ ಸಣ್ಣ ದನಿಯಲ್ಲಿ. "ಒಸಿ ಬಚ್ಚಲುಮನೆ..."

ನಾನು ತಕ್ಷಣ ತೆಗೆಯಲಿಲ್ಲ. ಸುಳ್ಳು ಹೇಳಿ ಏನು ಪ್ರಯೋಜನ, ಚಿಲಕದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಅವರನ್ನು ಹಾಗೇ ನೋಡುತ್ತ ನಿಂತೆ. ಆಮೇಲೆ ಗೇಟು ತೆರೆದೆ.

"ಹಾಲ್ ದಾಟಿ ಎಡಗಡೆ. ನೆಲ ಒದ್ದೆ ಇದೆ, ನೋಡ್ಕೊಂಡು ಹೋಗಿ," ಎಂದೆ.

ಅವರು ಚೀಲವನ್ನು ಗೇಟಿಗೆ ಸಿಕ್ಕಿಸಿ, ಕೊಡೆಯನ್ನೂ ಮಡಿಸದೆ ಅಲ್ಲೇ ಬಿಟ್ಟು ಒಳಗೆ ಹೋದರು. ನಾನು ವರಾಂಡದಲ್ಲೇ ನಿಂತೆ. ಬಹಳ ಹೊತ್ತಿನ ಮೇಲೆ ಬಂದರು. ಮುಖ ತೊಳೆದುಕೊಂಡಿದ್ದರು. ಕೂರಿ ಎಂದು ನಾನು ಹೇಳಲಿಲ್ಲ, ಅವರೂ ಕೂರಲಿಲ್ಲ. "ಬರ್ತೀನಮ್ಮ" ಎಂದರು. ಹೂಂ ಎಂದೆ.

ರಸ್ತೆಯ ಕೊನೆಯವರೆಗೆ ಅವರ ಕೊಡೆ ಕಾಣುತ್ತಿತ್ತು. ಮಾವಿನಹಣ್ಣಿನ ಚೀಲ ಮಳೆಯಲ್ಲಿ ನೆನೆಯುತ್ತ ಗೇಟಿನ ಮೇಲೆಯೇ ನೇತಾಡುತ್ತಿತ್ತು. ಅದನ್ನು ಒಳಗೆ ತರಲು ನನಗೆ ಸಂಜೆಯವರೆಗೂ ಮನಸ್ಸಾಗಲಿಲ್ಲ.